ತಿಂಗಳ ಲೆಕ್ಕದ ರಾಜ್ಯಭಾರ
(ಬಿಳಿಗೆರೆಯ ಸಭೆಯಲ್ಲಿ ಮಾಡಿದ ಭಾಷಣ)



ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕೆಂಬುದು ಬಿಳಿಗೆರೆಯ ಮಕ್ಕಳಿಗೂ ಗೊತ್ತು. ವಿಧಾನಸೌಧದಲ್ಲಿ ನಿನ್ನೆಯ ವೈರಿ ಇಂದಿನ ನೆಂಟನಾಗಲು ಒಂದು ರಾತ್ರಿ ಸಾಕು.

2004ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಭಾಜಪಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾದಳಕ್ಕೆ 58 ಸ್ಥಾನ. ಕಾಂಗ್ರೆಸ್ಸೂ ದಳವೂ ಕೂಡಿ ಧರ್ಮಸಿಂಗರನ್ನು ಮುಖ್ಯಮಂತ್ರಿ ಮಾಡಿದವು. 2006ರ ಫೆಬ್ರವರಿಯಲ್ಲಿ ದಳದ ಕುಮಾರಸ್ವಾಮಿಯವರು ಭಾಜಪದೊಡನೆ ಕೂಡಿ ತಾವೇ ಮುಖ್ಯಮಂತ್ರಿಯಾದರು. ಕರಾರು ತಲಾ 20 ತಿಂಗಳು. ಮೇಷ್ಟ್ರಾಗಿದ್ದಾಗ ನಾವು ಮಕ್ಕಳಿಗೆ ಕಲಿಸುತ್ತಿದ್ದ ಭಾಗಾಕಾರವೇ ಇದು. ಆದರೆ 2007ರ ಅಕ್ಟೋಬರಿನಲ್ಲಿ ಸರದಿ ಬಂದಾಗ ಲೆಕ್ಕ ತಪ್ಪಿತು, ಕುರ್ಚಿ ಕೈಬದಲಾಗಲಿಲ್ಲ. ನವೆಂಬರಿನಲ್ಲಿ ಯಡಿಯೂರಪ್ಪನವರು ಪ್ರಮಾಣ ಮಾಡಿ, ದಳದ ಬೆಂಬಲ ಸಿಗದೆ ಏಳೇ ದಿನಕ್ಕೆ ಇಳಿದರು.

2018ರಲ್ಲಿ ಮತ್ತೆ ಕಾಂಗ್ರೆಸ್ಸು, ದಳ ಒಂದಾದವು. 14 ತಿಂಗಳಲ್ಲಿ ಆ ಸರ್ಕಾರವೂ ಬಿತ್ತು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ಹಲವರು 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಭಾಜಪದಿಂದ ಗೆದ್ದು ಬಂದರು. 2020ರ ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳಾದರು. 2023ರಲ್ಲಿ ದಳ ಪುನಃ ಭಾಜಪದ ಕೂಟ ಸೇರಿತು.

ಪಕ್ಷಾಂತರ ತಡೆಯಲು 1985ರಿಂದ ಕಾನೂನಿದೆಯಲ್ಲ ಎನ್ನುತ್ತೀರಿ. ಒಬ್ಬ ಶಾಸಕ ಪಕ್ಷ ಬಿಟ್ಟರೆ ಅದು ಹಿಡಿಯುತ್ತದೆ. ಇಡೀ ಪಕ್ಷವೇ ಮಗ್ಗುಲು ಬದಲಿಸಿದರೆ ಅದಕ್ಕೆ ಕಣ್ಣಿಲ್ಲ. ಕೇಳಬೇಕಾದವರು ನಾವೇ.

ಮೈತ್ರಿಯೇ ಪಾಪವೆಂದು ನಾವು ಹೇಳುವುದಿಲ್ಲ. ಸಮಾಜವಾದಿಗಳೂ 1977ರಲ್ಲಿ ಜನತಾ ಪಕ್ಷದಲ್ಲಿ ಬೆರೆತವರೇ. 1979ರಲ್ಲಿ ಅದು ಒಡೆದಾಗ ನಮ್ಮವರ ಕೈಯೂ ಚೊಕ್ಕಟವಾಗಿರಲಿಲ್ಲ. ಯಾತಕ್ಕಾಗಿ ಕೂಡುತ್ತೀರಿ ಎಂಬುದೇ ಪ್ರಶ್ನೆ. ಕುರ್ಚಿಗೆ ಕೂಡಿದವರು ಕುರ್ಚಿಗೇ ಒಡೆಯುತ್ತಾರೆ.

ತಿಪಟೂರಿನ ಮಂಡಿಯಲ್ಲಿ ಆಡಿದ ಮಾತಿಗೆ ತಪ್ಪಿದ ವರ್ತಕನಿಗೆ ಮರುವಾರ ಮಾಲು ಕೊಡಲು ನೀವು ಹಿಂದೆಮುಂದೆ ನೋಡುತ್ತೀರಿ. ಓಟಿನ ವಿಷಯದಲ್ಲಿ ಮಾತ್ರ ಆ ಎಚ್ಚರ ಯಾಕಿಲ್ಲ?

ಇನ್ನು ಮುಂದೆ ಕೂಡಿಕೆಯ ಮಾತು ಬಂದಾಗ, ಕರಾರನ್ನು ಸಂತೆಯಲ್ಲಿ ನಿಂತು ಓದಿ ಎಂದು ಕೇಳೋಣ. ಯಾರಿಗೆ ಎಷ್ಟು ತಿಂಗಳು ಎಂಬುದು ನಮಗೆ ಬೇಡ. ಕೊಬ್ಬರಿಗೆ ಬೆಂಬಲ ಬೆಲೆ ಎಷ್ಟು, ನಾರಿನ ಮಿಲ್ಲಿನಲ್ಲಿ ಧೂಳು ಕುಡಿದು ದುಡಿಯುವ ಹೆಣ್ಣುಮಗಳಿಗೆ ದಿನದ ಕೂಲಿ ಎಷ್ಟು, ಚಿಲ್ಲರೆ ಅಂಗಡಿಯವನಿಗೆ ಸಾಲ ಎಲ್ಲಿ ಎಂಬುದನ್ನು ಓದಲಿ. ಅದು ಕರಾರಿನಲ್ಲಿ ಇಲ್ಲವಾದರೆ, ನಮ್ಮ ಓಟೂ ಅವರಿಗಿಲ್ಲ.