ಒಂದು ಫಾರ್ಮಿನ ತಪ್ಪು, ಒಂಬತ್ತು ವರ್ಷದ ಗುಟ್ಟು

(ಫ್ರೀಮಾಂಟ್‌ನಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಸಂಘದ ಪರವಾಗಿ ಮಾಡಿದ ಭಾಷಣದ ಬರಹರೂಪ)





ನಾವು ಬ್ಯಾರಿಗಳು ದುಡಿಮೆಗಾಗಿ ಊರು ಬಿಡುವುದು ಹೊಸತಲ್ಲ. ಬೊಂಬಾಯಿಗೆ ಹೋದೆವು, ಗಲ್ಫಿಗೆ ಹೋದೆವು, ಈಗ ಇಲ್ಲಿ ಬೇ ಏರಿಯಾದಲ್ಲಿ ಕೂತಿದ್ದೇವೆ. ಎಲ್ಲಿಗೆ ಹೋದರೂ ನಮ್ಮ ಜೊತೆ ಒಂದು ಕಡತ ಬರುತ್ತದೆ. ಪಾಸ್‌ಪೋರ್ಟ್, ವೀಸಾ, ಸಂಬಳದ ಚೀಟಿ, ಮಕ್ಕಳ ಜನನ ಪತ್ರ. ಇದು ನಮ್ಮ ಕೈಯಲ್ಲಿರುವ ಕಡತ. ಇನ್ನೊಂದು ಉಂಟು, ಸರಕಾರದ ಕೈಯಲ್ಲಿರುವುದು. ಅದರಲ್ಲಿ ನಮ್ಮ ಬಗ್ಗೆ ಎಂತ ಬರೆದಿದ್ದಾರೆ ಅಂತ ನಮಗೆ ಗೊತ್ತಾಗುವುದು ಏನಾದರೂ ಎಡವಟ್ಟಾದ ಮೇಲೆಯೇ. ಇವತ್ತು ಆ ಎರಡನೇ ಕಡತದ ಬಗ್ಗೆ ಮಾತಾಡುವ.

ಇದಕ್ಕೆ ದೂರದ ಉದಾಹರಣೆ ಬೇಡ. ನಾವೆಲ್ಲ ಬಂದಿಳಿದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ನಡೆದ ಸಂಗತಿ ಇದೆ. ರಹಿನಾ ಇಬ್ರಾಹಿಂ ಎಂಬ ಮಲೇಷ್ಯಾದ ಮಹಿಳೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. 2005ರ ಜನವರಿ 2ರಂದು ಮಗಳ ಜೊತೆ ಊರಿಗೆ ಹೊರಟಿದ್ದರು. ಆಪರೇಷನ್ ಆಗಿ ಮೂರು ತಿಂಗಳು, ಇನ್ನೂ ಗಾಲಿಕುರ್ಚಿಯಲ್ಲಿದ್ದರು. ಟಿಕೆಟ್ ಕೌಂಟರಿನಲ್ಲಿ ಹೆಸರು ನೋಡಿದ ಕೂಡಲೇ ಪೊಲೀಸರನ್ನು ಕರೆದರು. ಮಗಳ ಎದುರೇ ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋಗಿ ಸುಮಾರು ಎರಡು ಗಂಟೆ ಕೂಡಿಹಾಕಿದರು. ಆಮೇಲೆ ಬಿಟ್ಟರು. ಮರುದಿನ ವಿಮಾನ ಹತ್ತಲಿಕ್ಕೂ ಬಿಟ್ಟರು. ಆದರೆ ಆ ತಿಂಗಳ ಕೊನೆಗೆ ಅವರ ವಿದ್ಯಾರ್ಥಿ ವೀಸಾ ರದ್ದಾಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ.

ಆಕೆ ನಿಯಮದ ಪ್ರಕಾರ ಅರ್ಜಿ ಹಾಕಿದರು. ಸುಮಾರು ಒಂದು ವರ್ಷದ ನಂತರ ಉತ್ತರ ಬಂತು. ಅದರ ಸಾರ ಇಷ್ಟೆ: ದಾಖಲೆ ತಿದ್ದುವ ಅಗತ್ಯ ಕಂಡುಬಂದಿದ್ದಲ್ಲಿ ತಿದ್ದಲಾಗಿದೆ. ಕಂಡುಬಂತೋ ಇಲ್ಲವೋ, ತಿದ್ದಿದರೋ ಇಲ್ಲವೋ, ಅದು ಮಾತ್ರ ಇಲ್ಲ. ಇಂಥ ಉತ್ತರ ನಮ್ಮ ಊರಿನ ಕಚೇರಿಗಳಲ್ಲಿ ಮಾತ್ರ ಸಿಗುವುದು ಅಂತ ನಾವು ಎಣಿಸಿಕೊಂಡಿರುತ್ತೇವೆ. ಇಲ್ಲ ಮಾರಾಯ್ರೇ, ಎಲ್ಲ ಕಡೆ ಕಚೇರಿಯ ಭಾಷೆ ಒಂದೇ.

2006ರಲ್ಲಿ ಆಕೆ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟಿಗೆ ಹೋದರು. ಸ್ಯಾನ್ ಹೋಸೆಯ ವಕೀಲರು ಕೇಸು ನಡೆಸಿದರು. ಎರಡು ಸಲ ಕೇಸು ಬಿದ್ದುಹೋಯಿತು. 2008 ಮತ್ತು 2012ರಲ್ಲಿ ಮೇಲಿನ ಕೋರ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿತು. ಅಷ್ಟೂ ವರ್ಷ ಸರಕಾರದ್ದು ಒಂದೇ ಮಾತು: ಇದು ರಾಷ್ಟ್ರದ ಭದ್ರತೆಯ ವಿಷಯ, ಗೌಪ್ಯ, ಹೇಳಲಾಗುವುದಿಲ್ಲ. ಆಗಿನ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಕೋರ್ಟಿಗೆ ಪ್ರಮಾಣ ಪತ್ರವನ್ನೇ ಕೊಟ್ಟರು. ಕಚೇರಿಯ ತಪ್ಪನ್ನು ಅಥವಾ ಮುಜುಗರವನ್ನು ಮುಚ್ಚಲಿಕ್ಕೆ ಈ ಗೌಪ್ಯತೆ ಕೇಳುತ್ತಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು.

2013ರ ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು. ಫಿರ್ಯಾದಿಗೇ ಈ ದೇಶಕ್ಕೆ ಬರಲು ವೀಸಾ ಇಲ್ಲ, ಹಾಗಾಗಿ ಹೇಳಿಕೆಯನ್ನು ಪರದೇಶದಲ್ಲೇ ದಾಖಲಿಸಬೇಕಾಯಿತು. ಸಾಕ್ಷಿ ಹೇಳಲು ಹೊರಟ ಇನ್ನೊಬ್ಬ ಮಗಳು ಹುಟ್ಟಿನಿಂದ ಅಮೆರಿಕದ ಪ್ರಜೆ. ಅವರನ್ನೂ ಕೌಲಾಲಂಪುರದಲ್ಲಿ ವಿಮಾನ ಹತ್ತಲಿಕ್ಕೆ ಬಿಡಲಿಲ್ಲ. ವಿಚಾರಣೆಯ ನಡುವೆ ಗೌಪ್ಯ ವಿಷಯ ಬಂದಾಗಲೆಲ್ಲ ಜನರನ್ನು ಹೊರಗೆ ಕಳುಹಿಸುತ್ತಿದ್ದರು.

ಕೊನೆಗೆ ಗುಟ್ಟು ಏನೆಂದು ಗೊತ್ತಾಯಿತಾ? 2004ರ ನವೆಂಬರಿನಲ್ಲಿ ಸ್ಯಾನ್ ಹೋಸೆಯ ಒಬ್ಬ ಎಫ್‌ಬಿಐ ಅಧಿಕಾರಿ ಒಂದು ಫಾರ್ಮು ತುಂಬಿಸಿದ್ದರು. ಈ ಹೆಸರು ಯಾವ ಪಟ್ಟಿಗಳಿಗೆ ಹೋಗಬಾರದೋ ಅವಕ್ಕೆ ಗುರುತು ಹಾಕಿ ಅಂತ ಆ ಫಾರ್ಮಿನಲ್ಲಿತ್ತು. ಅವರು ಅದನ್ನು ಉಲ್ಟಾ ಓದಿದರು. ವಿಮಾನ ನಿಷೇಧದ ಪಟ್ಟಿಗೆ ಹೆಸರು ಹಾಕುವ ಉದ್ದೇಶ ಅವರಿಗೇ ಇರಲಿಲ್ಲ. ಆದರೂ ಹೆಸರು ಹೋಗಿ ಬಿತ್ತು. ಹೀಗಾಗಿದೆ ಅಂತ ಆ ಅಧಿಕಾರಿಗೆ ಗೊತ್ತಾದದ್ದು 2013ರ ಸೆಪ್ಟೆಂಬರಿನಲ್ಲಿ, ವಕೀಲರು ಪ್ರಶ್ನೆ ಕೇಳಿದಾಗ.

ಈಗ ಯೋಚನೆ ಮಾಡಿ. ಅಧಿಕಾರಿಯೂ ಮನುಷ್ಯ, ಕೈತಪ್ಪು ಯಾರಿಗೂ ಆಗುತ್ತದೆ. ತಪ್ಪನ್ನು ಬೆಳೆಸಿದ್ದು ಆ ಬೀಗ. ಕಪಾಟಿನಲ್ಲಿ ಬೀಗ ಹಾಕಿಟ್ಟ ಕಾಗದವನ್ನು ಯಾರೂ ಮತ್ತೆ ಓದುವುದಿಲ್ಲ. ಓದದಿದ್ದರೆ ತಿದ್ದುವವರು ಯಾರು? ಅಷ್ಟರಲ್ಲಿ ಆ ಪಟ್ಟಿಯ ಹೆಸರುಗಳು ಒಂದು ಕಡೆ ನಿಲ್ಲುವುದಿಲ್ಲ. ವೀಸಾ ಕೊಡುವ ಇಲಾಖೆಗೆ, ಗಡಿ ಕಾಯುವವರಿಗೆ, ಪೊಲೀಸರ ಕಂಪ್ಯೂಟರಿಗೆ, ಕೆನಡಾ ಮತ್ತು ಆಸ್ಟ್ರೇಲಿಯಾಕ್ಕೂ ನಕಲು ಹೋಗುತ್ತದೆ. ಒಂದು ಕಡೆ ತೆಗೆದರೂ ಇನ್ನೊಂದು ಕಡೆ ಉಳಿಯುತ್ತದೆ. 2009ರಲ್ಲಿ ಆಕೆ ಮತ್ತೆ ವೀಸಾ ಕೇಳಿದಾಗ ತಿರಸ್ಕಾರದ ಕಾಗದದಲ್ಲಿ ಅಧಿಕಾರಿ ಪೆನ್ನಿನಿಂದ ಒಂದೇ ಶಬ್ದ ಬರೆದಿದ್ದರು: ಭಯೋತ್ಪಾದಕಿ. ಆಕೆಯಿಂದ ದೇಶಕ್ಕೆ ಅಪಾಯವಿಲ್ಲ ಎಂದು ಕೋರ್ಟಿನಲ್ಲಿ ಕೊನೆಗೆ ಒಪ್ಪಿಕೊಂಡದ್ದೂ ಇದೇ ಸರಕಾರ.

2014ರ ಜನವರಿ 14ರಂದು ನ್ಯಾಯಾಧೀಶ ವಿಲಿಯಂ ಆಲ್ಸಪ್ ತೀರ್ಪು ಕೊಟ್ಟರು. ಎಲ್ಲ ಇಲಾಖೆಗಳ ದಾಖಲೆ ಹುಡುಕಿ ಈ ತಪ್ಪಿನ ಕುರುಹನ್ನೆಲ್ಲ ತೆಗೆಯಬೇಕು, ತೆಗೆದಿದ್ದೇವೆ ಅಂತ ಪ್ರಮಾಣ ಮಾಡಿ ಹೇಳಬೇಕು ಎಂದರು. ಅಷ್ಟರಲ್ಲಿ ಆಕೆ ದೂರದಲ್ಲಿದ್ದುಕೊಂಡೇ ಪಿಎಚ್‌ಡಿ ಮುಗಿಸಿ ಮಲೇಷ್ಯಾದ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದರು.

ಸರಕಾರಕ್ಕೆ ಗುಟ್ಟು ಬೇಡ ಅಂತ ನಾವು ಹೇಳುವುದಿಲ್ಲ. ದೇಶ ಕಾಯುವವರಿಗೆ ಕೆಲವು ಗುಟ್ಟು ಬೇಕು. ಆದರೆ ಅದಕ್ಕೂ ಮಿತಿ ಉಂಟು. ಕಾನೂನುಭಂಗವನ್ನೋ, ಕಚೇರಿಯ ತಪ್ಪನ್ನೋ ಮುಚ್ಚಲು ಗೌಪ್ಯದ ಮುದ್ರೆ ಹಾಕಬಾರದು ಅಂತ ಅಮೆರಿಕದ ಅಧ್ಯಕ್ಷರ 2009ರ ಆದೇಶದಲ್ಲೇ ಇದೆ. ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಇದೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕಿಂತ ಮೇಲೆ. ಮಾಹಿತಿ ಕೊಡುವುದರಿಂದ ಆಗುವ ಸಾರ್ವಜನಿಕ ಹಿತ ದೊಡ್ಡದಾದರೆ ಗೌಪ್ಯ ಕಡತವನ್ನೂ ತೆರೆಯಬಹುದು ಅಂತ ಆ ಕಾಯ್ದೆಯೇ ಹೇಳುತ್ತದೆ.

ಹಾಗಾದರೆ ನಾವು ಮಾಡುವುದು ಎಂತ?

ಮೊದಲನೆಯದು ಹೆಸರು. ನಮ್ಮಲ್ಲಿ ಒಬ್ಬನೇ ಮನುಷ್ಯ ಶಾಲೆಯಲ್ಲಿ ಮೊಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮ್ಮದ್, ಪಾಸ್‌ಪೋರ್ಟಿನಲ್ಲಿ ಎಂ.ಡಿ. ಆಗಿರುತ್ತಾನೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಅಂತ ಬೀಳುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಊರಿನಲ್ಲಿ ಮಕ್ಕಳ ಜನನ ಪತ್ರ ಮಾಡಿಸುವಾಗಲೇ ಅಕ್ಷರ ಅಕ್ಷರ ನೋಡಿ. ಎಲ್ಲ ಕಾಗದದಲ್ಲೂ ಒಂದೇ ಹೆಸರು ಇರಲಿ.

ಎರಡನೆಯದು ಕೇಳುವ ದಾರಿ. ಇಲ್ಲಿ 1966ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಉಂಟು. ಅರ್ಜಿ ಹಾಕಲಿಕ್ಕೆ ಅಮೆರಿಕದ ಪ್ರಜೆ ಆಗಬೇಕಂತಿಲ್ಲ. ನಮ್ಮ ವಲಸೆ ಕಡತದ ಪ್ರತಿಯನ್ನು ವಲಸೆ ಇಲಾಖೆಯಿಂದ ಕೇಳಬಹುದು. ವಿಮಾನ ನಿಲ್ದಾಣದಲ್ಲಿ ಪ್ರತಿ ಸಲ ಬದಿಗೆ ಕರೆದು ನಿಲ್ಲಿಸುತ್ತಿದ್ದರೆ ಗೃಹ ಭದ್ರತಾ ಇಲಾಖೆಯ ಟ್ರಿಪ್ ಎಂಬ ವ್ಯವಸ್ಥೆಗೆ ಅರ್ಜಿ ಹಾಕಿ. ಅವರು ಕೊಡುವ ರಿಡ್ರೆಸ್ ನಂಬರನ್ನು ಟಿಕೆಟ್ ಮಾಡುವಾಗ ಹಾಕಬಹುದು. 2015ರಿಂದ ಇಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ನಿಷೇಧ ಪಟ್ಟಿಯಲ್ಲಿದ್ದೀರೋ ಇಲ್ಲವೋ ಅಂತ ಹೇಳುವ ಕ್ರಮ ಬಂದಿದೆ.

ಊರಿನ ಕಚೇರಿಯ ವಿಷಯವಾದರೆ ಮಾಹಿತಿ ಹಕ್ಕು. ಕೇಂದ್ರ ಸರಕಾರದ ಕಚೇರಿಗೆ ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಪರದೇಶದಲ್ಲಿರುವ ಭಾರತೀಯರು ಶುಲ್ಕ ಕಟ್ಟಲಿಕ್ಕೆ 2013ರಿಂದ ಇಲೆಕ್ಟ್ರಾನಿಕ್ ಪೋಸ್ಟಲ್ ಆರ್ಡರ್ ಕೂಡ ಇದೆ.

ಮೂರನೆಯದು ಬರಹ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿಗೇ ಮುಗಿಯಿತು. ಅರ್ಜಿಯ ಪ್ರತಿ, ತಾರೀಕು, ರಸೀದಿ, ಬಂದ ಉತ್ತರ, ಎಲ್ಲ ಒಂದು ಕಡೆ ಇಡಿ. ಇದು ನಮಗೆ ಹೊಸ ಪಾಠ ಅಲ್ಲ. ಕುರ್‌ಆನಿನ ಅತಿ ದೀರ್ಘವಾದ ಆಯತ್ ಸಾಲವನ್ನು ಬರೆದಿಡುವುದರ ಬಗ್ಗೆ, ಬರೆಯುವವನು ನ್ಯಾಯವಾಗಿ ಬರೆಯಬೇಕೆಂಬ ಬಗ್ಗೆ.

ಕೊನೆಗೊಂದು ಎಚ್ಚರಿಕೆ. ಅಧಿಕಾರಿಗಳು ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳಿದರೆ ಮರ್ಯಾದೆಯಿಂದ ಮಾತಾಡಿ. ವಕೀಲರ ಜೊತೆ ಮಾತಾಡಿದ ಮೇಲೆ ಉತ್ತರಿಸುತ್ತೇವೆ ಅಂತ ಹೇಳುವ ಹಕ್ಕು ನಮಗಿದೆ. ಸುಳ್ಳು ಮಾತ್ರ ಹೇಳಬೇಡಿ. ಫೆಡರಲ್ ಅಧಿಕಾರಿಗೆ ಸುಳ್ಳು ಹೇಳುವುದೇ ಇಲ್ಲಿ ಒಂದು ಅಪರಾಧ.

ರಹಿನಾ ಇಬ್ರಾಹಿಂ ಅವರ ಜೊತೆ ವಕೀಲರಿದ್ದರು, ವಿದ್ಯೆ ಇತ್ತು, ಹಟ ಇತ್ತು. ಆದರೂ ಇಷ್ಟು ವರ್ಷ ಬೇಕಾಯಿತು. ಹೋಟೆಲಿನಲ್ಲಿ, ಗೋದಾಮಿನಲ್ಲಿ ದುಡಿಯುವ ನಮ್ಮ ತಮ್ಮನೊಬ್ಬನಿಗೆ ಹೀಗಾದರೆ ಅವನ ಜೊತೆ ಯಾರಿದ್ದಾರೆ? ಅದಕ್ಕಾಗಿಯೇ ಸಂಘ ಇರುವುದು. ಯಾವ ಕಾಗದ ಬಂದರೂ ಅರ್ಥವಾಗದಿದ್ದರೆ ನಾಚಿಕೆ ಬೇಡ, ಹೆದರಿ ಮಡಚಿ ಇಡಬೇಡಿ, ತನ್ನಿ. ಒಟ್ಟಿಗೆ ಕೂತು ಓದುವ.

ಅಲ್ಲಾಹು ನಮ್ಮೆಲ್ಲರನ್ನೂ ಕಾಪಾಡಲಿ. ವಸ್ಸಲಾಂ.