ಮರದಿಂದ ಮರಕ್ಕೆ
(ದಾಬಸ್‌ಪೇಟೆಯಲ್ಲಿ ನೀಡಿದ ಆಶೀರ್ವಚನ)



ತುಮಕೂರಿನಲ್ಲಿ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಎಂಬುದೊಂದು ಸಂಘವಿದೆ. ಹೆಸರು ನಮ್ಮಂಥ ಸಂಸ್ಕೃತ ಪಾಠಶಾಲೆಯವರ ನಾಲಿಗೆಗೆ ಸಲೀಸಾಗಿ ಹೊರಳುವುದಿಲ್ಲ. ಕೆಲಸ ಮಾತ್ರ ಮನಸ್ಸಿಗೆ ಹಿಡಿಸುತ್ತದೆ. ನಮ್ಮ ನೆರೆಯ ದೇವರಾಯನದುರ್ಗದ ಕಾಡಿನಲ್ಲಿ ಯಾವ ಹಕ್ಕಿ, ಯಾವ ಪ್ರಾಣಿ, ಯಾವ ಗಿಡ ಇದೆಯೆಂದು ಬರೆದಿಡುವುದು, ಶಾಲೆಯ ಮಕ್ಕಳಿಗೆ ತಿಳಿಸಿಕೊಡುವುದು ಅವರ ಕಾಯಕ. ಅಮರಕೋಶದ ವನೌಷಧಿವರ್ಗವನ್ನು ಕಂಠಪಾಠ ಮಾಡಿದವರು ಅನೇಕರಿದ್ದಾರೆ. ಅಲ್ಲಿ ಹೇಳಿದ ಮರವನ್ನು ಬೇಲಿಯಲ್ಲಿ ಗುರುತಿಸಬಲ್ಲವರು ವಿರಳ.

ತುಮಕೂರು ತಾಲ್ಲೂಕಿನ ನಾಗವಲ್ಲಿಯಲ್ಲಿ ಈ ಸಂಘದವರು ಕಾಡುಪಾಪವನ್ನು ಕುರಿತು ಕೆಲಸ ಮಾಡಿದ್ದಾರೆ. ಅಂಗೈಯಲ್ಲಿ ಹಿಡಿಸುವಂಥ ಪ್ರಾಣಿ. ದುಂಡು ಕಣ್ಣು, ಸಪೂರ ಕೈಕಾಲು, ಬಾಲವಿಲ್ಲ. ಹಗಲೆಲ್ಲ ಪೊದೆಯಲ್ಲಿ ನಿದ್ರೆ, ರಾತ್ರಿ ಹುಳುಹುಪ್ಪಟೆಯ ಬೇಟೆ. ಕೂಲಿ ಕೇಳದೆ ರೈತನಿಗೆ ದುಡಿಯುವ ಆಳು ಅದು. ಇಂಥದ್ದನ್ನು ಕಂಡರೆ ಅಪಶಕುನವೆಂದು ಹೊಡೆದವರುಂಟು, ಮಾಟಕ್ಕೆಂದು ಹಿಡಿದವರುಂಟು. ಹಿರಿಯರೊಬ್ಬರು ಮಠಕ್ಕೆ ಬಂದು, 'ಬುದ್ಧೀ, ಹಿತ್ತಲ ಹುಣಸೆಮರದಾಗೆ ಕಾಡುಪಾಪ ಕುಂತೈತೆ, ಏನಾದ್ರೂ ಶಾಂತಿ ಮಾಡಿಸಬೇಕಾ?' ಎಂದು ಕೇಳಿದರು. 'ಶಾಂತಿ ಬೇಕಾಗಿರುವುದು ಅದಕ್ಕೆ, ನಿಮಗಲ್ಲ. ಅದರ ಪಾಡಿಗೆ ಬಿಡಿ' ಎಂದೆವು. ಶಕುನವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ನಾವು ವಿಭೂತಿ ಧರಿಸಿಯೂ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧವೂ ಹೌದು.

ಆದರೆ ಕಲ್ಲಿನಿಂದ ಹೊಡೆಯದಿದ್ದರೆ ಸಾಲದು. ಕಾಡುಪಾಪಕ್ಕೆ ಕೋತಿಯಂತೆ ಜಿಗಿಯಲು ಬಾರದು. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು ನಡೆಯಬೇಕು. ನಡುವಿನ ಒಂದು ಮರ ಹೋದರೆ ನೆಲಕ್ಕಿಳಿಯಬೇಕು. ಇಳಿದರೆ ನಾಯಿ, ಇಲ್ಲವೆ ಲಾರಿ. ನಮ್ಮ ದಾಬಸ್‌ಪೇಟೆಗೆ ಹೆದ್ದಾರಿ ಬಂತು, ಸೋಂಪುರದಲ್ಲಿ ಕಾರ್ಖಾನೆಗಳು ಬಂದವು, ಮಕ್ಕಳ ಕೈಗೆ ಕೆಲಸ ಸಿಕ್ಕಿತು. ಅದನ್ನು ನಾವು ಹಳಿಯುವುದಿಲ್ಲ. ಜಮೀನು ಮಟ್ಟಮಾಡುವಾಗ ಮೊದಲು ಉರುಳುವುದು ಬದುವಿನ ಮರ, ಬೇಲಿಯ ಸಾಲು. ಅದನ್ನು ಉಳಿಸಿಕೊಂಡೂ ಕಟ್ಟಡ ಕಟ್ಟಬಹುದಲ್ಲವೆ?

ದೂರ ಹೋಗಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಕುದೂರಿನ ದಾರಿಗೆ ಆಲದ ಸಾಲು ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗ ಆ ತಾಯಿ ಸರ್ಕಾರದ ಮುಂದೆ ನಿಂತು ಮರಗಳನ್ನು ಉಳಿಸಿಕೊಡಿರೆಂದು ಬೇಡಿದರು. ಪದ್ಮಶ್ರೀ ಬಂದದ್ದೂ ಅದೇ ವರ್ಷ. 2025ರಲ್ಲಿ ಅವರು ಲಿಂಗೈಕ್ಯರಾದರೆಂದೇ ನಾವು ಹೇಳುತ್ತೇವೆ. ಕುಲ ಕೇಳುವವರು ಕೇಳಲಿ.

ಇನ್ನೊಂದು ಮಾತು. ಶಿವಗಂಗೆಯ ಬೆಟ್ಟಸಾಲಿನಲ್ಲಿ ಕುಮುದ್ವತಿ ಹುಟ್ಟಿ ಅರ್ಕಾವತಿಯನ್ನು ಸೇರುತ್ತದೆ. ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಇಡುವ ರೂಢಿ ನಮ್ಮ ಸೀಮೆಯಲ್ಲಿದೆ. ಹುಲ್ಲಿನ ಜೊತೆ ಎಳೆಯ ಸಸಿ, ಹಕ್ಕಿಯ ಮೊಟ್ಟೆ ಎಲ್ಲವೂ ಸುಡುತ್ತದೆ. ಮೊದಲ ಮಳೆಗೆ ಬರಿ ಮಣ್ಣು ಕೊಚ್ಚಿಹೋಗುತ್ತದೆ. ಮೇಲೆ ಗಂಗಾಧರನಿಗೆ ಅಭಿಷೇಕ, ಕೆಳಗೆ ಗಂಗೆಯ ದಾರಿಗೆ ಕೊಳ್ಳಿ. ಇದೆಂಥ ಭಕ್ತಿ?

ಈ ಸಲದ ಬೇಸಿಗೆಯಲ್ಲಿ ಯಾರೂ ಬೆಂಕಿ ಇಡಕೂಡದೆಂದು ಊರೂರಿನ ಯಜಮಾನರು ಇಲ್ಲಿಯೇ ಮಾತು ಕೊಟ್ಟು ಹೋಗಬೇಕು. ಬರುವ ಸೋಮವಾರ ಶಾಲೆಯ ಮಕ್ಕಳನ್ನು ಮುಂಜಾನೆಯೇ ಕಳುಹಿಸಿರಿ, ಬೆಟ್ಟದ ಗಿಡಮರಗಳನ್ನು ತೋರಿಸಲು ಬಲ್ಲವರನ್ನು ಕರೆಸಿದ್ದೇವೆ. ಪ್ರಸಾದ ಮಠದಲ್ಲಿಯೇ ಆಗುತ್ತದೆ.