ಉಪಾಧ್ಯಾಯನ ಕೈಯಲ್ಲಿ ಯಂತ್ರಸಾಧನಗಳು
(ಶ್ರೀಮಠದ ಅಮೃತ ಮಹೋತ್ಸವದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ತರಗತಿಯಲ್ಲಿ ನೂತನ ಯಂತ್ರಸಾಧನಗಳನ್ನೂ ಅಂತರ್ಜಾಲವನ್ನೂ ಉಪಾಧ್ಯಾಯರು ಹೇಗೆ ಬಳಸಬೇಕೆಂಬ ವಿಷಯವಾಗಿ ಮಾತನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಮೂವತ್ತು ವರ್ಷಕ್ಕೂ ಮಿಕ್ಕು ಸೀಮೆಸುಣ್ಣದ ಪುಡಿಯನ್ನು ನುಂಗಿದ ಮಾಸ್ತರನಿಗೆ ಈ ವಿಷಯವನ್ನು ವಹಿಸಿದ್ದೇಕೋ ನಾನರಿಯೆ. ಆದರೂ ಗುರುವಾಕ್ಯವನ್ನು ಮೀರಲಾಗದೆ ನಿಂತಿದ್ದೇನೆ. ಇನ್ನೊಂದು ಕಾರಣವೂ ಉಂಟು. ಈ ಮಹೋತ್ಸವದ ಸ್ಮರಣಾರ್ಥವಾಗಿ ಶ್ರೀಮಠದ ಶಾಲೆಗಳಿಗೆ ಗೋಡೆಯಗಲದ ತೆರೆಗಳನ್ನೂ ಗಣಕಯಂತ್ರಗಳನ್ನೂ ಕಾಣಿಕೆಯಾಗಿ ಒಪ್ಪಿಸಬೇಕೆಂದು ಭಕ್ತರು ಸಂಕಲ್ಪಿಸಿರುವರೆಂದು ಕೇಳಿದ್ದೇನೆ. ಕೊಡುವ ಕೈಯನ್ನು ತಡೆಯುವುದು ನನ್ನ ಉದ್ದೇಶವಲ್ಲ. ಕೊಡುವ ಮೊದಲು ಉಪಾಧ್ಯಾಯನೊಬ್ಬನ ಮಾತನ್ನೂ ಕೇಳಿರೆಂಬುದಷ್ಟೇ ನನ್ನ ಬಿನ್ನಹ.

ಶಾಲೆಯೊಳಗೆ ಸಾಧನವೆಂಬುದು ಈಗ ಹೊಸದಾಗಿ ಕಾಲಿಟ್ಟಿತೆಂದು ತಿಳಿಯುವುದು ತಪ್ಪು. 1823ರಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಕ್ಯಾಂಬೆಲ್ ಎಂಬುವರು ಮದರಾಸು ಸರಕಾರಕ್ಕೆ ತಮ್ಮ ಜಿಲ್ಲೆಯ ಶಾಲೆಗಳನ್ನು ಕುರಿತು ಒಂದು ವರದಿಯನ್ನು ಕಳುಹಿಸಿದರು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಓದುತ್ತಿದ್ದ ಮಕ್ಕಳು ಒಟ್ಟು 6,641 ಮಂದಿ. ಲಿಂಗವಂತರ ಮಕ್ಕಳು ಓದುತ್ತಿದ್ದ ಪುಸ್ತಕಗಳೆಂದು ಅವರು ಹೆಸರಿಸಿದವುಗಳಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವೇಶ್ವರ ಪುರಾಣ ಇವುಗಳಿವೆ. ಐಗಳು ಮಠದ ಜಗಲಿಯ ಮೇಲೆ ಹುಡುಗರನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದ ಕಾಲವದು. ಹುಡುಗನು ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವನು. ಕೈ ಕುದುರಿದ ಮೇಲೆ ಅವನಿಗೆ ಕಡತ ದೊರೆಯುವುದು. ಬಟ್ಟೆಗೆ ಅಕ್ಕಿಯ ಗಂಜಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಪುಸ್ತಕದಂತೆ ಮಡಿಸಿದ್ದೇ ಕಡತ. ಅದರ ಮೇಲೆ ಬಳಪದಿಂದ ಬರೆದು ಒರಸಿ ಮತ್ತೆ ಬರೆಯಬಹುದು. ಇಂದು ನಮ್ಮ ಮಕ್ಕಳು ಬೆರಳಿನಿಂದ ಗಾಜಿನ ಮೇಲೆ ಬರೆದು ಬೆರಳಿನಿಂದಲೇ ಅಳಿಸುವುದನ್ನು ಕಂಡಾಗ ನನಗೆ ಆ ಮರಳೂ ಕಡತವೂ ನೆನಪಿಗೆ ಬರುವುವು.

ಆ ವರದಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಕೈಯಲ್ಲಿ ಸೊನ್ನೆ. ಮೂರನೆಯವನಿಗೆ ಮೆತ್ತನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿಂದೆ ಬಂದಂತೆಲ್ಲ ಏಟು ಏರುತ್ತಿತ್ತು. ಈಗ ಮೊದಲು ಉತ್ತರ ಕಳುಹಿಸಿದ ಹುಡುಗನಿಗೆ ಮಾಸ್ತರರು ವಾಟ್ಸಾಪಿನಲ್ಲಿ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳುಹಿಸುತ್ತಾರೆ. ಪದ್ಧತಿ ಬಹಳ ಬದಲಾಗಿಲ್ಲ, ಏಟು ಮಾತ್ರ ನಿಂತಿತು, ಅಷ್ಟರಮಟ್ಟಿಗೆ ಸಂತೋಷ.

ಆ ಮರಳಿನ ಮಹಿಮೆ ಸಾಮಾನ್ಯವಾದುದಲ್ಲ. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಊರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನೇ ತನ್ನ ಶಾಲೆಗೆ ತಂದನು. ಬಲ್ಲ ಹುಡುಗನು ಅರಿಯದ ಹುಡುಗನಿಗೆ ಕಲಿಸುವ ಕ್ರಮವನ್ನೂ ಅದರೊಡನೆ ಸೇರಿಸಿ, 1797ರಲ್ಲಿ ಲಂಡನ್ನಿನಲ್ಲಿ ಒಂದು ಹೊತ್ತಗೆಯನ್ನು ಅಚ್ಚು ಹಾಕಿಸಿದನು. ಅದು ಮದರಾಸು ಪದ್ಧತಿಯೆಂದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಇಷ್ಟೊಂದು ಹಬ್ಬಲು ಮರಳಿನಲ್ಲಿ ಏನಿತ್ತು? ಅದು ಪ್ರತಿಯೊಬ್ಬ ಹುಡುಗನಿಗೂ ಸಿಕ್ಕುತ್ತಿತ್ತು. ಕೆಟ್ಟರೆ ರಿಪೇರಿಯವನನ್ನು ಕಾಯಬೇಕಾಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರೆಯುವ ಬೆರಳಿನ ಮಗ್ಗುಲಲ್ಲಿ ತಿದ್ದುವ ಬೆರಳೊಂದು ಯಾವಾಗಲೂ ಇರುತ್ತಿತ್ತು.

ಹಾಗೆಂದು ಹಳೆಯದೆಲ್ಲವೂ ಚೆನ್ನೆಂದು ನಾನು ಹೇಳಲಾರೆ. ಆ ಹುಡುಗರು ಸಾಲುಸಾಲು ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು, ಅರ್ಥ ತಿಳಿಯದು ಎಂದು ಅದೇ ಕ್ಯಾಂಬೆಲ್ಲರು ಬರೆದಿದ್ದಾರೆ. ಅವರು ಬರೆದ ಇನ್ನೊಂದು ಮಾತು ಇದಕ್ಕಿಂತ ಕಠಿಣವಾದುದು. ವಿಲಾಯಿತಿಯ ಬಟ್ಟೆ ಬಂದು ನಮ್ಮ ನೇಯ್ಗೆಯವರ ಗಳಿಕೆ ಕುಗ್ಗಿದ್ದರಿಂದ, ಮಕ್ಕಳನ್ನು ಶಾಲೆಗೆ ಕಳುಹಿಸುವ ಶಕ್ತಿ ಜನರಲ್ಲಿ ಉಳಿದಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಎಲ್ಲಿಯೋ ತಿರುಗಿದ ಯಂತ್ರವು ಇಲ್ಲಿಯ ಶಾಲೆಯ ಬಾಗಿಲನ್ನು ಮುಚ್ಚಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯಂತ್ರವು ಧರ್ಮಕ್ಕೆ ಎರವೆಂದು ಹೇಳುವವರಿಗೆ ವಿಜಾಪುರದ ಫ. ಗು. ಹಳಕಟ್ಟಿಯವರ ಹೆಸರೊಂದೇ ಉತ್ತರ. ವಕೀಲಿ ಮಾಡಿಕೊಂಡು ಸುಖವಾಗಿರಬಹುದಾಗಿದ್ದ ಅವರು ಮನೆಮನೆಗೆ ಅಲೆದು ಓಲೆಗರಿಯ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿ, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಜಗಲಿಯ ಮೇಲಿನ ಗಂಟಿನಲ್ಲಿ ಹುಳು ತಿನ್ನುತ್ತಿದ್ದ ವಚನಗಳು ಅಚ್ಚಿನ ಮೊಳೆಗಳಿಂದ ನಮ್ಮ ಕೈಸೇರಿದವು. ಆ ಕಾಲದ ಮಟ್ಟಿಗೆ ಮುದ್ರಣಯಂತ್ರವೇ ನೂತನ ಸಾಧನ. ಆದರೆ ಒಂದು ಮಾತನ್ನು ಗಮನಿಸಬೇಕು. ಯಂತ್ರವನ್ನು ಕೊಂಡ ಮೇಲೆ ಏನು ಅಚ್ಚು ಹಾಕೋಣವೆಂದು ಅವರು ಯೋಚಿಸಿದವರಲ್ಲ. ವಚನಗಳು ಕೈಯಲ್ಲಿದ್ದವು, ಅದಕ್ಕಾಗಿ ಯಂತ್ರವನ್ನು ಕೊಂಡರು. ನಮ್ಮ ಶಾಲೆಗಳಲ್ಲಿ ಈ ಕ್ರಮವು ಅನೇಕ ವೇಳೆ ತಲೆಕೆಳಗಾಗುತ್ತದೆ.

ಇನ್ನು ಆಕಾಶದಿಂದ ಬಂದ ಪಾಠದ ಕಥೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕೆಯವರ ಒಂದು ಉಪಗ್ರಹವನ್ನು ಎರವಲಾಗಿ ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿದರು. ಸೈಟ್ ಎಂದು ಅದರ ಹೆಸರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ತಂತಿಜಾಲರಿಯ ದೊಡ್ಡ ಕೊಡೆಯನ್ನು ನೆಟ್ಟು, ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬರುತ್ತಿದ್ದವು. ಪಟ್ಟಣದ ಶ್ರೀಮಂತರ ಮನೆಗೂ ಬಾರದಿದ್ದ ದೂರದರ್ಶನವು ಬಡಹಳ್ಳಿಗಳಿಗೆ ಮೊದಲು ಬಂದಿತೆಂಬುದು ಆಶ್ಚರ್ಯದ ಸಂಗತಿಯೇ ಸರಿ. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ಬೇರೆ ಕಡೆಗೆ ಸರಿಸಿಕೊಂಡರು, ಪಾಠ ನಿಂತಿತು. ಉಳಿದುದೇನು? ಅದೇ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು 50 ಸಾವಿರ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನವನ್ನು ಕಲಿಸುವ ಬಗೆಯನ್ನು ಹೇಳಿಕೊಟ್ಟಿದ್ದರು. ಆ ಉಪಾಧ್ಯಾಯರು ಉಳಿದರು. ಉಪಗ್ರಹದಂತೆ ಅವರನ್ನು ಯಾರೂ ಸರಿಸಿಕೊಂಡು ಹೋಗಲಾರರಷ್ಟೆ!

ಮಹಾಮಾರಿಯ ದಿನಗಳನ್ನು ತಾವಾರೂ ಮರೆತಿಲ್ಲ. 2020ರ ಮಾರ್ಚಿಯಲ್ಲಿ ಮುಚ್ಚಿದ ಬಾಗಿಲು, ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ತೆರೆದುದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗುವು ತರಗತಿಯ ಕೋಣೆಯನ್ನು ಮೊದಲು ಕಂಡುದು ಎರಡನೆಯ ತರಗತಿಯಲ್ಲಿ. ಆ ನಡುವೆ ಚಂದನ ವಾಹಿನಿಯಲ್ಲಿ ಸೇತುಬಂಧವೆಂಬ ಪಾಠಗಳಾದವು. ವಿದ್ಯಾಗಮವೆಂದು ಹೆಸರಿಟ್ಟು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ನಾವು ಮಕ್ಕಳನ್ನು ಕೂಡಿಸಿದೆವು. ರೋಗದ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು. ಉಳಿದುದು ಮೊಬೈಲು.

ನಾನು ಆಗ ಐದನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದೆ. ಹಾಜರಿಯ ಪುಸ್ತಕದಲ್ಲಿ ಮೂವತ್ತೆಂಟು ಹೆಸರುಗಳು. ಮೊಬೈಲಿನ ಪಾಠಕ್ಕೆ ಬರುತ್ತಿದ್ದವರು ಹದಿನಾಲ್ಕು, ಒಮ್ಮೊಮ್ಮೆ ಒಂಬತ್ತು. ಅವರಲ್ಲಿ ಒಬ್ಬ ಬಾಲಕಿಯಿದ್ದಳು. ಹಗಲಿನ ಪಾಠಕ್ಕೆ ಎಂದೂ ಬಾರಳು; ರಾತ್ರಿ ಹತ್ತರ ಸುಮಾರಿಗೆ ಲೆಕ್ಕ ಮಾಡಿದ ಹಾಳೆಯ ಚಿತ್ರವನ್ನು ಕಳುಹಿಸುವಳು. ಭಾಗಾಕಾರದಲ್ಲಿ ಒಂದೇ ತಪ್ಪು ದಿನವೂ ಮರುಕಳಿಸುತ್ತಿತ್ತು. ನಾನು ಬೆಳಿಗ್ಗೆ ಎದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ಎಂಟು ಗಂಟೆಗೆ ತಿದ್ದಿ ಕಳುಹಿಸುತ್ತಿದ್ದೆ. ತಿದ್ದಿದ್ದನ್ನು ನೋಡುವುದೇ ಇಲ್ಲ, ಎಂತಹ ಉದಾಸೀನದ ಹುಡುಗಿ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಒಂದು ತಿಂಗಳ ಮೇಲೆ ಸಂತೆಯಲ್ಲಿ ಅವಳ ತಾಯಿ ಸಿಕ್ಕಾಗ ತಿಳಿಯಿತು: ಮೊಬೈಲು ಅಣ್ಣನದು. ಅವನು ನಸುಕಿನಲ್ಲಿಯೇ ಅದನ್ನು ಕಿಸೆಯಲ್ಲಿಟ್ಟುಕೊಂಡು ಗೌಂಡಿ ಕೆಲಸಕ್ಕೆ ಹೋಗುವನು, ಕತ್ತಲಾದ ಮೇಲೆ ಬರುವನು. ಅಷ್ಟರೊಳಗೆ ನನ್ನ ಉತ್ತರವು ಬೇರೆ ನೂರು ಸಂದೇಶಗಳ ಕೆಳಗೆ ಹೂತುಹೋಗಿರುತ್ತಿತ್ತು. ಒಂದು ತಿಂಗಳ ಪರ್ಯಂತ ಅವಳ ಪ್ರಶ್ನೆಯೂ ನನ್ನ ಉತ್ತರವೂ ಒಂದೇ ಯಂತ್ರದೊಳಗಿದ್ದು ಒಂದನ್ನೊಂದು ಕಾಣಲಿಲ್ಲ. ಯಂತ್ರದಲ್ಲಿ ಕೊರತೆಯೇನೂ ಇರಲಿಲ್ಲ. ಕೇಳಬೇಕಾಗಿದ್ದ ಒಂದು ಮಾತನ್ನು ನಾನು ಕೇಳಿರಲಿಲ್ಲ. ಆ ದಿನದಿಂದ ರಾತ್ರಿ ಹತ್ತಕ್ಕೆ ನಾನೇ ಕಾದು ಕುಳಿತೆ. ನಾಲ್ಕು ದಿನಗಳಲ್ಲಿ ಭಾಗಾಕಾರ ಸರಿಹೋಯಿತು.

ಇದು ಒಬ್ಬಳ ಮನೆಯ ಸ್ಥಿತಿಯಲ್ಲ. 2021ರ ಅಸರ್ ವರದಿಯಂತೆ ದೇಶದ ಗ್ರಾಮಾಂತರದಲ್ಲಿ ಶಾಲಾಮಕ್ಕಳ ಮನೆಗಳ ಪೈಕಿ ಸ್ಮಾರ್ಟ್ ಫೋನ್ ಉಳ್ಳವು 2018ರಲ್ಲಿ ನೂರಕ್ಕೆ 36.5 ಇದ್ದುದು 67.6ಕ್ಕೆ ಏರಿತ್ತು. ಸಂತೋಷವೇ. ಆದರೆ ಮನೆಯಲ್ಲಿ ಅದಿದ್ದೂ ಕಾಲುಭಾಗಕ್ಕಿಂತ ಹೆಚ್ಚು ಮಕ್ಕಳ ಕೈಗೆ ಅದು ಸಿಕ್ಕುತ್ತಿರಲಿಲ್ಲವೆಂದೂ ಅದೇ ವರದಿ ಹೇಳುತ್ತದೆ.

ತೆರೆಯನ್ನು ಯಾವಾಗ ಬೆಳಗಿಸಬೇಕು, ಯಾವಾಗ ಆರಿಸಬೇಕೆಂಬುದು ಉಪಾಧ್ಯಾಯನ ವಿವೇಕಕ್ಕೆ ಬಿಟ್ಟದ್ದು. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು, ಚಂದ್ರನ ಮೇಲೆ ಭೂಮಿಯ ನೆರಳು ಸರಿಯುವುದನ್ನು ಸೀಮೆಸುಣ್ಣದಿಂದ ತೋರಿಸಲು ನಾನು ವರ್ಷಾನುಗಟ್ಟಲೆ ಹೆಣಗಿದ್ದೇನೆ. ಚಲಿಸುವ ಚಿತ್ರವು ಅದನ್ನು ಮೂರು ನಿಮಿಷಗಳಲ್ಲಿ ತಿಳಿಸುತ್ತದೆ. ಪಠ್ಯಪುಸ್ತಕದ ಅಂಚಿನಲ್ಲಿರುವ ಕಪ್ಪುಬಿಳುಪು ಚೌಕದ ಗುರುತನ್ನು ಮೊಬೈಲಿಗೆ ತೋರಿಸಿದರೆ, 2017ರಲ್ಲಿ ಆರಂಭವಾದ ದೀಕ್ಷಾ ಜಾಲದಿಂದ ಇಂತಹ ಪಾಠಗಳು ದೊರೆಯುವುವು. ಆದರೆ ಹೆಸರುಕಾಳು ಮೊಳೆಯುವುದನ್ನೂ ತೆರೆಯ ಮೇಲೆಯೇ ತೋರಿಸುತ್ತಿದ್ದ ಮಾಸ್ತರರೊಬ್ಬರನ್ನು ಕಂಡಿದ್ದೇನೆ. ಶಾಲೆಯ ಬೇಲಿಯಾಚೆಗೆ ಹೆಸರಿನ ಹೊಲವೇ ಇತ್ತು.

ಈಗ ನನ್ನ ಇನ್ನೊಂದು ತಪ್ಪನ್ನು ಗುರುಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೇಳಿದುದಕ್ಕೆಲ್ಲ ಮನುಷ್ಯನಂತೆ ಉತ್ತರ ಕೊಡುವ ಗಣಕಯಂತ್ರಗಳು ಈಚೆಗೆ ಬಂದಿವೆ. ಬಸವಜಯಂತಿಯ ಕರಪತ್ರಕ್ಕೆ ವಿದ್ಯೆಯನ್ನು ಕುರಿತ ವಚನವೊಂದು ಬೇಕಾಗಿತ್ತು. ಪುಸ್ತಕ ತೆರೆಯಲು ಬೇಸರಪಟ್ಟು ಆ ಯಂತ್ರವನ್ನು ಕೇಳಿದೆ. ಕ್ಷಣಮಾತ್ರದಲ್ಲಿ ಅಂಕಿತಸಹಿತವಾದ ವಚನವನ್ನು ಕೊಟ್ಟಿತು. ಅಚ್ಚಾಯಿತು, ಹಂಚಿದ್ದೂ ಆಯಿತು. ಸಂಜೆ ಮಠದ ಭಜನಾಮಂಡಳಿಯ ವೃದ್ಧರೊಬ್ಬರು ಕರಪತ್ರವನ್ನು ಹಿಡಿದುಕೊಂಡು ಬಂದು, “ಮಾಸ್ತರ್ರ, ಇದು ಅಣ್ಣನ ಮಾತಲ್ಲ ಬಿಡ್ರಿ. ಹಾಡಾಕ ಹೋದ್ರ ಉಸಿರೇ ನಿಲ್ಲಂಗಿಲ್ಲ” ಎಂದರು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರಕಾರವು ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಹುಡುಕಿದೆ. ಅಂತರ್ಜಾಲದಲ್ಲಿರುವ ವಚನ ಸಂಚಯದಲ್ಲಿಯೂ ಹುಡುಕಿದೆ. ಎಲ್ಲಿಯೂ ಇಲ್ಲ! ಯಂತ್ರವು ತಾನೇ ಹೆಣೆದು ಅಂಕಿತವನ್ನು ಹಚ್ಚಿತ್ತು. ಪ್ರಕ್ಷೇಪವು ನಮಗೆ ಹೊಸದಲ್ಲ; ಓಲೆಗರಿಯ ಕಾಲದಿಂದಲೂ ಇದ್ದದ್ದೇ. ಆದರೆ ಲಿಪಿಕಾರನೊಬ್ಬನು ವರ್ಷಕ್ಕೊಂದು ಸೇರಿಸುತ್ತಿದ್ದರೆ, ಇದು ನಿಮಿಷಕ್ಕೊಂದು ಸೇರಿಸಬಲ್ಲುದು. ನೂರು ವರ್ಷಗಳ ಹಿಂದೆ ಹಳಕಟ್ಟಿಯವರು ಕಸದಿಂದ ಕಾಳನ್ನು ಆರಿಸಿಕೊಟ್ಟರೆ, ನಾನು ಕಾಳಿನಲ್ಲಿ ಕಸ ಬೆರೆಸಿದಂತಾಯಿತು. ಮರುದಿನ ತಿದ್ದುಪಡಿಯ ಚೀಟಿಯನ್ನು ಅಚ್ಚು ಹಾಕಿಸಿ ಮನೆಮನೆಗೆ ನಾನೇ ಕೊಟ್ಟುಬಂದೆ.

ಅದೇ ವಚನ ಸಂಚಯದಿಂದ ಒಂದು ಒಳ್ಳೆಯ ಪಾಠವೂ ಆಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ನಿಮ್ಮ ಮನೆಯ ಕಾಯಕದ ಒಂದೊಂದು ಮಾತನ್ನು ತನ್ನಿರೆಂದು ಮಕ್ಕಳಿಗೆ ಹೇಳಿದೆ. ನೇಕಾರರ ಹುಡುಗನೊಬ್ಬನು ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳನ್ನು ತಂದನು. ಆ ಮಾತುಗಳನ್ನಿಟ್ಟು ಶರಣರ ವಚನಗಳಲ್ಲಿ ಹುಡುಕಿದೆವು. ಹಾಸಿಗೂ ಹೊಕ್ಕಿಗೂ ಇರುವ ಭೇದವನ್ನು ನಾನು ತಪ್ಪಾಗಿ ವಿವರಿಸಿದಾಗ ಆ ಹುಡುಗನು ಎದ್ದುನಿಂತು ತಿದ್ದಿದನು. ಅದುವರೆಗೆ ತರಗತಿಯಲ್ಲಿ ಬಾಯಿ ತೆರೆಯದಿದ್ದ ಹುಡುಗನವನು.

ಕಣ್ಣಿಲ್ಲದ ಮಕ್ಕಳ ಮಾತು ಬೇರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಿವಿಯಿಂದ ಕಿವಿಗೆ ವಿದ್ಯೆಯನ್ನು ಧಾರೆಯೆರೆದವರು. ಪುಟ್ಟರಾಜರು ಬ್ರೈಲ್ ಲಿಪಿಯಲ್ಲಿ ಗ್ರಂಥಗಳನ್ನೇ ಬರೆದರು. ತೆರೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವು ಈಗ ಹಣವಿಲ್ಲದೆ ದೊರೆಯುತ್ತದೆ. ಉಳಿದ ಮಕ್ಕಳಿಗೆ ಗಣಕಯಂತ್ರವು ಅನುಕೂಲವಾದರೆ, ಇವರಿಗೆ ಅದು ಪುಸ್ತಕವೇ ಆಗಿದೆ. ಭಕ್ತರ ಕಾಣಿಕೆಯ ಮೊದಲ ಯಂತ್ರಗಳು ಇಂತಹ ಮಕ್ಕಳಿಗೆ ಸಲ್ಲಲಿ.

ಉಳಿದ ಕಾಣಿಕೆಯ ವಿಷಯದಲ್ಲಿ ಎರಡು ಅರಿಕೆಗಳು. ಹತ್ತು ತೆರೆಗಳ ಹಣವಿದ್ದರೆ ಆರನ್ನೇ ಕೊಂಡು, ಮಿಕ್ಕ ಹಣವನ್ನು ರಿಪೇರಿಗೂ ಉಪಾಧ್ಯಾಯರ ತರಬೇತಿಗೂ ಇಡಬೇಕು. ದಾನಿಗಳ ಹೆಸರಿನ ಫಲಕ ಹೊಳೆಯುತ್ತಿದ್ದು ಅದರ ಕೆಳಗಿನ ಯಂತ್ರ ಧೂಳು ತಿನ್ನುವ ಶಾಲೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎರಡನೆಯದು: ಶ್ರೀಮಠದ ಪ್ರಸಾದನಿಲಯದ ಒಂದು ಕೋಣೆಯನ್ನು ಸಂಜೆ ಆರರಿಂದ ಒಂಬತ್ತರವರೆಗೆ ಊರ ಎಲ್ಲ ಮಕ್ಕಳಿಗೂ ತೆರೆದಿಡಬೇಕು. ಅಲ್ಲಿ ನಾಲ್ಕು ಗಣಕಯಂತ್ರಗಳಿರಲಿ, ವಚನ ಸಂಪುಟಗಳೂ ಇರಲಿ, ಒಬ್ಬ ಮಾಸ್ತರನೂ ಇರಲಿ. ಮೊದಲ ಆರು ತಿಂಗಳು ಅಲ್ಲಿ ಕುಳಿತುಕೊಳ್ಳುವುದಕ್ಕೆ ನಾನು ಸಿದ್ಧನಿದ್ದೇನೆ; ಕೋಣೆಯ ಬೀಗದಕೈಯನ್ನು ಶ್ರೀಗಳವರು ಅಪ್ಪಣೆ ಕೊಡಿಸಬೇಕು.